ನೆರಳಿಗೆ ಕಾರಣ ಹೇಳಿದ ಭಾಸ್ಕರಾಚಾರ್ಯರು

ಅಭ್ಯಾಸ ಬೋಧನೆಗೆಂದು ನನ್ನನ್ನು ಹಾಕಿದ್ದು ಸೊರಬ ತಾಲ್ಲೂಕಿನ ಉಳವಿಗೆ. ನವೆಂಬರ್ ಮೊದಲ ವಾರದಲ್ಲಿ ಎಂಟನೆಯ ತರಗತಿಗೆ ಪಾಠ ಮಾಡುವಾಗ ಬೋಧನೋಪಕರಣವಾಗಿ ಒಂದು ನೆರಳು ಗಡಿಯಾರ ತಯಾರಿಸಿದೆ. ನಲವತ್ತು ಸೆಂಟಿಮೀಟರ್ ಅಗಲದ ಪ್ಲೈವುಡ್ ಬಿಲ್ಲೆ, ಅದರ ನಡುವೆ ಹಳೆಯ ಕೊಡೆಯ ಕಡ್ಡಿ. ಕಡ್ಡಿ ಉತ್ತರಕ್ಕೆ ಮುಖ ಮಾಡಿ, ನೆಲದಿಂದ 14 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮೇಲೆದ್ದು ಧ್ರುವ ನಕ್ಷತ್ರದ ಕಡೆ ನೋಡುತ್ತದೆ. ಉಳವಿಯ ಅಕ್ಷಾಂಶವೂ ಅಷ್ಟೇ. ಬಿಲ್ಲೆ ಆ ಕಡ್ಡಿಗೆ ಲಂಬವಾಗಿ ನಿಲ್ಲುತ್ತದೆ. ಅದರ ಎರಡೂ ಮುಖಗಳ ಮೇಲೆ ಗಂಟೆಗೆ 15 ಡಿಗ್ರಿಯಂತೆ ಗೆರೆ ಹಾಕಿದರೆ ಮುಗಿಯಿತು.

ಮೊದಲ ದಿನವೇ ನೆರಳು 12ರ ಗೆರೆಗೆ ಬಂದಾಗ ನನ್ನ ಕೈಗಡಿಯಾರ 12 ಗಂಟೆ 14 ನಿಮಿಷ ತೋರಿಸುತ್ತಿತ್ತು. ನಾನು ಗಾಬರಿಯಾಗಲಿಲ್ಲ. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ತೋರಿಸುತ್ತವೆ, ಉಳವಿ ಅದಕ್ಕಿಂತ ಪಶ್ಚಿಮದಲ್ಲಿದೆ, ಆದ್ದರಿಂದ ನಮ್ಮ ನೆರಳು 14 ನಿಮಿಷ ಹಿಂದೆ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಲೆಕ್ಕ ಮಾಡಿ ನೋಡಲಿಲ್ಲ, ನಾನೂ, ಅವರೂ.

ಎರಡನೆಯ ಹಂತಕ್ಕೆ ಅದೇ ಶಾಲೆಗೆ ಮರಳಿದ್ದು ಫೆಬ್ರವರಿ ಎರಡನೆಯ ವಾರ. ನೆರಳು 12ರ ಗೆರೆಗೆ ಬಂದಾಗ ಗಡಿಯಾರದಲ್ಲಿ 12 ಗಂಟೆ 44 ನಿಮಿಷ. ಹದಿನಾಲ್ಕು ಇದ್ದದ್ದು ನಲವತ್ನಾಲ್ಕಾಗಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ನೋಟ್ ಬುಕ್ ತೆರೆದು, ಉಳವಿ ಊರು ಜಾಗ ಬದಲಿಸಿತೇ ಮಿಸ್ ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ನನ್ನ ಪಾಠದ ವೀಕ್ಷಣೆಗೆ ಕಾಲೇಜಿನಿಂದ ಉಪನ್ಯಾಸಕರು ಬರುವವರಿದ್ದರು.

ನಾನು ಮಾಡಿದ್ದನ್ನು ಇಲ್ಲಿ ಬರೆಯಬೇಕು, ಇಲ್ಲದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಮರುದಿನ ಯಾರೂ ಇಲ್ಲದಾಗ ಬುಡದ ಹಲಗೆಯನ್ನು ತಿರುಗಿಸಿದೆ. ಹಲಗೆಯ ಮೂಲೆ ಅಂಗೈ ಅಗಲದಷ್ಟು ಸರಿದಾಗ ನೆರಳು ಮತ್ತೆ ಹದಿನಾಲ್ಕು ನಿಮಿಷದ ಲೆಕ್ಕಕ್ಕೆ ಬಂತು. ಪಾಠ ಚೆನ್ನಾಗಿ ನಡೆಯಿತು, ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಮಾತು ಬಂತು. ಆದರೆ ಮೂರು ಗಂಟೆಯ ಹೊತ್ತಿಗೆ ನೆರಳು ಮತ್ತೆ ನಾಲ್ಕೈದು ನಿಮಿಷ ತಪ್ಪಿತು. ಆ ಹುಡುಗಿ ನವೆಂಬರಿನಲ್ಲೇ ಹಲಗೆಯ ನಾಲ್ಕು ಮೂಲೆಗೆ ನೆಲದಲ್ಲಿ ಮೊಳೆ ಹೊಡೆದಿಟ್ಟಿದ್ದಳಂತೆ. ಶಾಲೆ ಬಿಟ್ಟ ಮೇಲೆ ಬಂದು, ಮೊಳೆಗೂ ಹಲಗೆಗೂ ಸೇರುತ್ತಿಲ್ಲ ಮಿಸ್ ಎಂದಷ್ಟೇ ಹೇಳಿ ಹೋದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆರಳು ತಪ್ಪಿದ್ದೇಕೆ ಎಂದು ಹುಡುಕುತ್ತ ಹೋದವಳಿಗೆ ಸಿಕ್ಕಿದ್ದು ಲೀಲಾವತಿಯ ಕರ್ತೃ ಎಂದು ಮಾತ್ರ ನನಗೆ ಗೊತ್ತಿದ್ದ ಭಾಸ್ಕರಾಚಾರ್ಯರು. ನನ್ನಂತೆ ಉಪಕರಣ ಹಿಡಿದು ತರಗತಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಅವರ ಜೀವನ ಉಪಯೋಗಕ್ಕೆ ಬರುತ್ತದೆ ಎಂದು ನಂಬಿ ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಹುಟ್ಟು ಮತ್ತು ಕಾಲ

ಭಾಸ್ಕರಾಚಾರ್ಯರು ಹುಟ್ಟಿದ್ದು ಶಕ 1036, ಎಂದರೆ ಕ್ರಿ.ಶ. 1114. ಇದನ್ನು ಬೇರೆ ಯಾರೋ ಊಹಿಸಿದ್ದಲ್ಲ, ಅವರೇ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಏಳನೆಯ ಶತಮಾನದಲ್ಲಿ ಇನ್ನೊಬ್ಬ ಭಾಸ್ಕರ ಇದ್ದುದರಿಂದ ಇವರನ್ನು ಎರಡನೆಯ ಭಾಸ್ಕರ ಎಂದು ಕರೆಯುತ್ತಾರೆ. ತಂದೆ ಮಹೇಶ್ವರ, ಶಾಂಡಿಲ್ಯ ಗೋತ್ರದವರು, ಜ್ಯೋತಿಷ ಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸರು. ಮಗನಿಗೆ ಅವರೇ ಗುರು. ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ. ಈ ಊರು ಇಂದಿನ ನಮ್ಮ ವಿಜಯಪುರವೇ ಎಂದು ಒಂದು ಪಕ್ಷ. ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯ ಊರು ಎಂದು ಇನ್ನೊಂದು ಪಕ್ಷ. ವಾದ ಇನ್ನೂ ಮುಗಿದಿಲ್ಲ.

ಅವರ ಕಾಲವನ್ನು ನಮ್ಮ ಭಾಗದ ಮಕ್ಕಳಿಗೆ ಹತ್ತಿರ ತರುವುದು ಕಷ್ಟವಲ್ಲ. ಅಲ್ಲಮಪ್ರಭು, ಅಕ್ಕಮಹಾದೇವಿ, ಬಸವಣ್ಣ ಎಲ್ಲರೂ ಅದೇ ಹನ್ನೆರಡನೆಯ ಶತಮಾನದವರು. ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯನೂ ಅದೇ ಶತಮಾನದವನು. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠ ವಿದ್ಯೆಯ ದೊಡ್ಡ ಕೇಂದ್ರವಾಗಿತ್ತು. 1162ರ ಶಾಸನವೊಂದು ಅಲ್ಲಿ ಓದಿಸುತ್ತಿದ್ದ ವ್ಯಾಕರಣ, ದರ್ಶನ, ಪುರಾಣ, ಕಾವ್ಯಗಳನ್ನೂ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ವಿವರಿಸುತ್ತದೆ. ಆ ಶಾಸನ ಕೆತ್ತುವ ಹೊತ್ತಿಗೆ ಭಾಸ್ಕರಾಚಾರ್ಯರಿಗೆ 48 ವರ್ಷ, ಅವರ ಮುಖ್ಯ ಗ್ರಂಥ ಹೊರಬಂದು ಹನ್ನೆರಡು ವರ್ಷ ಆಗಿತ್ತು.

ಮೂವತ್ತಾರನೆಯ ವಯಸ್ಸಿನ ಗ್ರಂಥ

1150ರಲ್ಲಿ, 36ನೆಯ ವಯಸ್ಸಿನಲ್ಲಿ ಅವರು ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದರು. ಅದಕ್ಕೆ ನಾಲ್ಕು ಭಾಗ: ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಮೊದಲನೆಯದು ಅಂಕಗಣಿತ ಮತ್ತು ಅಳತೆ. ಎರಡನೆಯದರಲ್ಲಿ ಸಮೀಕರಣಗಳು. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿದರೆ ಮತ್ತೊಂದು ಪೂರ್ಣ ವರ್ಗ ಬರಬೇಕು, ಆ ಸಂಖ್ಯೆ ಯಾವುದು ಎಂಬ ಪ್ರಶ್ನೆಗೆ ಚಕ್ರವಾಳ ವಿಧಾನದಿಂದ ಅವರು 226153980 ಎಂಬ ಉತ್ತರ ತೆಗೆದರು. ಫ್ರಾನ್ಸಿನ ಫರ್ಮಾ ಇದೇ ಪ್ರಶ್ನೆಯನ್ನು ಯೂರೋಪಿನ ಗಣಿತಜ್ಞರ ಮುಂದಿಟ್ಟದ್ದು 1657ರಲ್ಲಿ. ಮೂರು ಮತ್ತು ನಾಲ್ಕನೆಯ ಭಾಗಗಳು ಗ್ರಹಗಳ ಚಲನೆ, ಗ್ರಹಣ, ಭೂಗೋಳ, ಖಗೋಳ ಮತ್ತು ಉಪಕರಣಗಳಿಗೆ ಮೀಸಲು.

ಲೀಲಾವತಿಯನ್ನು ಓದಿದರೆ ಅದನ್ನು ಬರೆದವರು ಮೇಷ್ಟ್ರು ಎಂದು ತಿಳಿಯುತ್ತದೆ. ಹೂವಿಂದ ಹೂವಿಗೆ ಹಾರುವ ದುಂಬಿಗಳು, ಗಾಳಿಗೆ ಮುರಿದ ಬಿದಿರು, ಕೊಳದ ನೀರಿನಲ್ಲಿ ಬಾಗಿದ ತಾವರೆ, ಕಂಬದ ಮೇಲಿನ ನವಿಲು ಮತ್ತು ಬಿಲಕ್ಕೆ ಓಡುವ ಹಾವು, ಎಲ್ಲ ಅಲ್ಲಿ ಲೆಕ್ಕಗಳಾಗಿವೆ. ಓದುವವರನ್ನು ಬಾಲೆ ಎಂದು, ಗೆಳೆಯ ಎಂದು ಕರೆದು ಪ್ರಶ್ನೆ ಕೇಳುತ್ತಾರೆ. ಮಕ್ಕಳ ಸುತ್ತಲಿನ ವಸ್ತುವಿನಿಂದ ಪಾಠ ಆರಂಭಿಸಬೇಕು ಎಂದು ನಮ್ಮ ಪಾಠಯೋಜನೆಯಲ್ಲಿ ಬರೆಯುವುದನ್ನು ಅವರು ಎಂಟುನೂರು ವರ್ಷಕ್ಕೂ ಹಿಂದೆ ಮಾಡಿ ತೋರಿಸಿದ್ದರು. ಅದರಲ್ಲಿ ನೆರಳಿಗೆ ಒಂದು ಪ್ರತ್ಯೇಕ ಪ್ರಕರಣವೇ ಇದೆ. ಶಂಕುವಿನ ಎತ್ತರ, ದೀಪದ ಎತ್ತರ, ನೆರಳಿನ ಉದ್ದ, ಇವುಗಳಲ್ಲಿ ಕೆಲವು ಗೊತ್ತಿದ್ದರೆ ಉಳಿದದ್ದನ್ನು ಹೇಗೆ ತೆಗೆಯುವುದು ಎಂಬ ಲೆಕ್ಕಗಳು ಅಲ್ಲಿವೆ.

ಲೀಲಾವತಿ ಅವರ ಮಗಳ ಹೆಸರು ಎಂಬ ಕಥೆ ಎಲ್ಲರಿಗೂ ಗೊತ್ತು. ಮದುವೆಯ ಮುಹೂರ್ತ ತಿಳಿಯಲು ನೀರಿನಲ್ಲಿ ಘಟಿಕಾ ಬಟ್ಟಲು ಇಟ್ಟಿದ್ದರು. ಬಗ್ಗಿ ನೋಡಿದ ಹುಡುಗಿಯ ಆಭರಣದಿಂದ ಮುತ್ತೊಂದು ಉದುರಿ ಬಟ್ಟಲಿನ ರಂಧ್ರ ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಮುಹೂರ್ತ ದಾಟಿಹೋಯಿತು. ನೊಂದ ಮಗಳ ಹೆಸರು ಉಳಿಯಲೆಂದು ತಂದೆ ಪುಸ್ತಕ ಬರೆದರು. ಈ ಕಥೆ ಭಾಸ್ಕರಾಚಾರ್ಯರ ಬರಹದಲ್ಲಿ ಇಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರ್ಸಿ ಅನುವಾದದಲ್ಲಿ ಬಂದದ್ದು. ತರಗತಿಯಲ್ಲಿ ಹೇಳುವುದಾದರೆ ಕಥೆ ಎಂದೇ ಹೇಳಿ ಹೇಳಬೇಕು.

ಪ್ರತಿ ಸೂತ್ರಕ್ಕೂ ಕಾರಣ

ಭಾಸ್ಕರಾಚಾರ್ಯರ ಜೀವನದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಪದ್ಯಗಳಲ್ಲಿ ಸೂತ್ರಗಳನ್ನು ಕೊಟ್ಟು ಅವರು ಸುಮ್ಮನಾಗಲಿಲ್ಲ. ತಮ್ಮ ಗ್ರಂಥಕ್ಕೆ ತಾವೇ ವಾಸನಾಭಾಷ್ಯ ಎಂಬ ಗದ್ಯ ವ್ಯಾಖ್ಯಾನ ಬರೆದರು. ಇಲ್ಲಿ ವಾಸನಾ ಎಂದರೆ ಉಪಪತ್ತಿ, ಅಂದರೆ ಈ ಸೂತ್ರ ಏಕೆ ಹೀಗಿದೆ ಎಂಬ ಕಾರಣ.

ಕಾರಣ ಕೇಳುವ ಈ ಸ್ವಭಾವದಿಂದಲೇ ಅವರು ತಮಗಿಂತ ಹಿಂದಿನ ಲಲ್ಲನ ತಪ್ಪನ್ನೂ ತಿದ್ದಿದರು. ಗೋಳದ ಹೊರಮೈ ಎಷ್ಟು ಎಂಬುದಕ್ಕೆ ಲಲ್ಲ ಕೊಟ್ಟ ಸೂತ್ರ ಸರಿಯಿರಲಿಲ್ಲ. ಭಾಸ್ಕರಾಚಾರ್ಯರು ಗೋಳವನ್ನು ನೆಲ್ಲಿಕಾಯಿಯ ಮೇಲಿನ ಗೆರೆಗಳಂತೆ ಹೋಳುಗಳಾಗಿ ವಿಂಗಡಿಸಿ, ಹೋಳಿನ ಅಳತೆ ಕೂಡಿಸಿ, ಹೊರಮೈ ಎಂದರೆ ಪರಿಧಿ ಮತ್ತು ವ್ಯಾಸದ ಗುಣಲಬ್ಧ ಎಂದು ತೋರಿಸಿದರು. ಇಂದು ಹತ್ತನೆಯ ತರಗತಿಯಲ್ಲಿ ಕಲಿಸುವ ಸೂತ್ರವೂ ಅದೇ. ಹಾಗೆಂದು ಲಲ್ಲನನ್ನು ಕಡೆಗಣಿಸಲಿಲ್ಲ. ಅವನ ಗ್ರಂಥಕ್ಕೆ ವ್ಯಾಖ್ಯಾನವನ್ನೂ ಬರೆದರು. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ತಪ್ಪನ್ನು ತಪ್ಪೆಂದರು.

ಕಡ್ಡಿ, ಬಟ್ಟಲು, ಬುದ್ಧಿ

ಗೋಲಾಧ್ಯಾಯದಲ್ಲಿ ಯಂತ್ರಾಧ್ಯಾಯ ಎಂಬ ಭಾಗವಿದೆ. ಗೋಳ, ನಾಡೀವಲಯ, ಶಂಕು, ಘಟಿ, ಚಕ್ರ, ಚಾಪ, ಯಷ್ಟಿ ಮುಂತಾದ ಉಪಕರಣಗಳನ್ನು ಅಲ್ಲಿ ವಿವರಿಸಿದ್ದಾರೆ. ಫಲಕ ಯಂತ್ರ ಅವರದೇ ರಚನೆ. ಸೂರ್ಯನ ಎತ್ತರದಿಂದ ಸಮಯ ತಿಳಿಯುವ ಹಲಗೆ ಅದು.

ನಾಡೀವಲಯದ ವಿವರ ಓದಿದಾಗ ನನಗೆ ಆಶ್ಚರ್ಯವಾಯಿತು. ಮರದ ಚಕ್ರ, ಅದರ ನಡುವೆ ಧ್ರುವದ ಕಡೆಗೆ ನಿಲ್ಲುವ ಕಡ್ಡಿ, ಚಕ್ರದ ಅಂಚಿನಲ್ಲಿ ಅರವತ್ತು ಘಟಿಗಳ ಗುರುತು, ಕಡ್ಡಿಯ ನೆರಳಿನಿಂದ ಸಮಯ. ಪ್ಲೈವುಡ್ಡು ಮತ್ತು ಕೊಡೆ ಕಡ್ಡಿಯಿಂದ ನಾನು ಮಾಡಿದ್ದು ಅದನ್ನೇ. ಆರು ಶತಮಾನಗಳ ನಂತರ ಸವಾಯಿ ಜಯಸಿಂಹ ಜೈಪುರದಲ್ಲಿ ಕಟ್ಟಿಸಿದ ಜಂತರ್ ಮಂತರ್‌ನಲ್ಲೂ ನಾಡೀವಲಯವಿದೆ. ಅಲ್ಲಿಯ ಸಮ್ರಾಟ್ ಯಂತ್ರ ಸುಮಾರು 27 ಮೀಟರ್ ಎತ್ತರದ ನೆರಳು ಗಡಿಯಾರ, ಎರಡು ಸೆಕೆಂಡಿನವರೆಗೆ ಗುರುತುಗಳಿವೆ. ಆದರೆ ಅದೂ ತೋರಿಸುವುದು ಜೈಪುರದ ಸೂರ್ಯನ ಸಮಯವನ್ನು. ಕೈಗಡಿಯಾರಕ್ಕೆ ಹೊಂದಿಸಬೇಕಾದರೆ ಅಲ್ಲಿಯೂ ತಿದ್ದುಪಡಿ ಬೇಕು. ಉಪಕರಣ ದೊಡ್ಡದಾದ ಮಾತ್ರಕ್ಕೆ ಈ ವ್ಯತ್ಯಾಸ ಹೋಗುವುದಿಲ್ಲ.

ಘಟಿಕಾ ಬಟ್ಟಲಿನ ಬಗ್ಗೆ ಭಾಸ್ಕರಾಚಾರ್ಯರು ಹೇಳಿದ್ದು ಶಿಕ್ಷಕರಾಗುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು. ಒಂದು ಘಟಿ ಎಂದರೆ 24 ನಿಮಿಷ. ಹಗಲು ರಾತ್ರಿ ಸೇರಿ 60 ಘಟಿ. ಸರಿಯಾಗಿ ಒಂದು ಘಟಿಗೆ ಮುಳುಗುವಂತೆ ತಾಮ್ರದ ಬಟ್ಟಲನ್ನು ಇಷ್ಟೇ ತೂಕ, ಇಷ್ಟೇ ರಂಧ್ರ ಎಂದು ಮಾಡುವುದು ಕಷ್ಟ. ಅವರು ದಾರಿಯನ್ನೇ ಬದಲಿಸಿದರು. ಬಟ್ಟಲು ಹೇಗಿದ್ದರೂ ಸರಿ, ಒಂದು ಹಗಲು ರಾತ್ರಿಯಲ್ಲಿ ಎಷ್ಟು ಸಲ ಮುಳುಗುತ್ತದೆ ಎಂದು ಎಣಿಸಿ, ಆ ಸಂಖ್ಯೆಯಿಂದ ದಿನವನ್ನು ಭಾಗಿಸಿದರೆ ಆ ಬಟ್ಟಲಿನ ಅಳತೆ ಸಿಗುತ್ತದೆ. ತನ್ನ ವ್ಯತ್ಯಾಸ ಎಷ್ಟು ಎಂದು ಗೊತ್ತಿರುವ ಉಪಕರಣ ತಪ್ಪು ಉಪಕರಣವಲ್ಲ. ನಾನು ನನ್ನ ಬಿಲ್ಲೆಯ ವ್ಯತ್ಯಾಸವನ್ನು ಅಳೆಯುವ ಬದಲು ಮುಚ್ಚಿಟ್ಟಿದ್ದೆ.

ಯಂತ್ರಗಳನ್ನೆಲ್ಲ ಹೇಳಿ ಕೊನೆಯಲ್ಲಿ ಅವರು ಧೀ ಯಂತ್ರಕ್ಕೆ ಬರುತ್ತಾರೆ. ಧೀ ಎಂದರೆ ಬುದ್ಧಿ. ಕೈಯಲ್ಲಿ ಬರೀ ಒಂದು ಕೋಲಿದ್ದರೂ ಬುದ್ಧಿ ಇದ್ದವರು ಬಿದಿರಿನ ಬುಡ ಮತ್ತು ತುದಿ ನೋಡಿ, ಅಥವಾ ನೀರಿನಲ್ಲಿ ಅದರ ಪ್ರತಿಬಿಂಬ ನೋಡಿ, ದೂರವನ್ನೂ ಎತ್ತರವನ್ನೂ ಹೇಳಬಲ್ಲರು ಎಂಬುದು ಅವರ ಅಭಿಪ್ರಾಯ. ಪ್ರಯೋಗಾಲಯವಿಲ್ಲ ಎಂದು ಕೊರಗುವ ನಮಗೆ ಇದು ಒಳ್ಳೆಯ ಉತ್ತರ.

ನೆರಳು ಮತ್ತು ಗಡಿಯಾರದ ನಡುವೆ

ಈಗ ನನ್ನ 14 ಮತ್ತು 44ಕ್ಕೆ ಬರುತ್ತೇನೆ. ಗ್ರಹಗಣಿತದಲ್ಲಿ ಗ್ರಹದ ಸ್ಥಾನವನ್ನು ಒಂದು ಊರಿನ ನಿಜವಾದ ಸೂರ್ಯೋದಯಕ್ಕೆ ತರಲು ನಾಲ್ಕು ತಿದ್ದುಪಡಿಗಳಿವೆ: ದೇಶಾಂತರ, ಭುಜಾಂತರ, ಉದಯಾಂತರ, ಚರ. ಚರ ಎಂದರೆ ಊರಿನ ಅಕ್ಷಾಂಶದಿಂದ ಸೂರ್ಯೋದಯದಲ್ಲಿ ಆಗುವ ಹೆಚ್ಚುಕಡಿಮೆ. ಮಧ್ಯಾಹ್ನದ ನೆರಳಿಗೆ ಅದು ಬೇಡ. ಉಳಿದ ಮೂರೂ ನನ್ನ ಬಿಲ್ಲೆಯ ಮೇಲೆ ಕೆಲಸ ಮಾಡುತ್ತಿದ್ದವು.

ದೇಶಾಂತರ ಊರಿನ ರೇಖಾಂಶಕ್ಕೆ ಸಂಬಂಧಿಸಿದ್ದು. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭಾಸ್ಕರಾಚಾರ್ಯರ ಕಾಲದಲ್ಲಿ ಮೂಲ ರೇಖೆ ಲಂಕೆಯಿಂದ ಉಜ್ಜಯಿನಿಯ ಮೂಲಕ ಮೇರುವಿಗೆ ಹೋಗುತ್ತದೆ ಎಂದು ಎಣಿಸುತ್ತಿದ್ದರು. ಉಜ್ಜಯಿನಿ 75.8 ಡಿಗ್ರಿಯಲ್ಲಿದೆ, ಉಳವಿ ಸುಮಾರು 75ರಲ್ಲಿ. ಎಂದರೆ ಅವರ ಲೆಕ್ಕದಲ್ಲಿ ಉಳವಿಯ ದೇಶಾಂತರ ಮೂರು ನಿಮಿಷದಷ್ಟು ಮಾತ್ರ. 1906ರಿಂದ ಭಾರತದ ಸಮಯವನ್ನು 82.5 ಡಿಗ್ರಿಗೆ ಕಟ್ಟಿದ ಮೇಲೆ ಅದೇ ಉಳವಿಯ ವ್ಯತ್ಯಾಸ ಏಳೂವರೆ ಡಿಗ್ರಿ, 30 ನಿಮಿಷ. ಉಳವಿ ಜಾಗ ಬದಲಿಸಲಿಲ್ಲ, ಅಳೆಯುವ ಗೆರೆ ಬದಲಾಯಿತು. ನಾನು ಹಲಗೆಯ ಮೇಲೆ ಬರೆದ ಕಾರಣ ಅರ್ಧ ಸರಿಯಿತ್ತು, ಆದರೆ ಅದರಿಂದ ಬರಬೇಕಾದದ್ದು 14 ಅಲ್ಲ, 30. ಒಂದು ಗುಣಾಕಾರ ಮಾಡಿದ್ದರೆ ನವೆಂಬರಿನಲ್ಲೇ ಸಿಕ್ಕಿಬೀಳುತ್ತಿದ್ದೆ.

ಭುಜಾಂತರಕ್ಕೆ ಕಾರಣ ಸೂರ್ಯನ ವೇಗ. ಸೂರ್ಯ ನಕ್ಷತ್ರಗಳ ನಡುವೆ ಸಮವಾಗಿ ಸರಿಯುವುದಿಲ್ಲ. ಜನವರಿ ಆರಂಭದಲ್ಲಿ ಚುರುಕು, ಜುಲೈ ಆರಂಭದಲ್ಲಿ ನಿಧಾನ. ಭೂಮಿಯ ಕಕ್ಷೆ ಸರಿಯಾದ ವೃತ್ತವಲ್ಲ ಎಂದು ಇಂದು ಹೇಳುತ್ತೇವೆ. ಇದರಿಂದ ವರ್ಷಕ್ಕೊಂದು ಸಲ ಏರಿ ಇಳಿಯುವ ವ್ಯತ್ಯಾಸ ಹೆಚ್ಚೆಂದರೆ ಏಳೂಮುಕ್ಕಾಲು ನಿಮಿಷ. ಇದು ಹಿಂದಿನ ಆಚಾರ್ಯರಿಗೂ ಗೊತ್ತಿತ್ತು.

ಉದಯಾಂತರ ಸೂಕ್ಷ್ಮವಾದದ್ದು. ಸೂರ್ಯ ಸಮವೇಗದಲ್ಲೇ ನಡೆದರೂ ವ್ಯತ್ಯಾಸ ಬರುತ್ತದೆ, ಏಕೆಂದರೆ ಅವನು ನಡೆಯುವ ಕ್ರಾಂತಿವೃತ್ತ ಒಂದು, ನಾವು ಸಮಯ ಎಣಿಸುವ ವಿಷುವದ್ವೃತ್ತ ಇನ್ನೊಂದು. ಎರಡರ ನಡುವೆ ಇಪ್ಪತ್ಮೂರೂವರೆ ಡಿಗ್ರಿ ಓರೆ. ಮಕ್ಕಳಿಗೆ ನಾನು ಗದ್ದೆಯ ಉದಾಹರಣೆ ಕೊಟ್ಟೆ. ಗದ್ದೆಯನ್ನು ಓರೆಯಾಗಿ ದಾಟಿದರೆ ನೂರು ಹೆಜ್ಜೆಯಲ್ಲಿ ಪೂರ್ವಕ್ಕೆ ಹೋದದ್ದು ತೊಂಬತ್ತು ಚಿಲ್ಲರೆ ಹೆಜ್ಜೆ ಮಾತ್ರ, ಉಳಿದದ್ದು ಉತ್ತರಕ್ಕೆ ಹೋಯಿತು. ವಿಷುವಗಳ ಹತ್ತಿರ ಸೂರ್ಯನ ಹಾದಿ ಹಾಗೆ ಓರೆ. ಜೂನ್, ಡಿಸೆಂಬರ್‌ಗಳಲ್ಲಿ ಬದುವಿಗೆ ಸಮಾನಾಂತರವಾಗಿ ನಡೆಯುತ್ತಾನೆ, ಆಗ ಪೂರ್ವಕ್ಕೆ ಹೆಚ್ಚು ಸಾಗುತ್ತಾನೆ. ಈ ಹೆಚ್ಚುಕಡಿಮೆ ವರ್ಷಕ್ಕೆ ಎರಡು ಸಲ ಏರಿಳಿದು ಸುಮಾರು ಹತ್ತು ನಿಮಿಷ ಮುಟ್ಟುತ್ತದೆ. ಭಾಸ್ಕರಾಚಾರ್ಯರಿಗಿಂತ ನೂರು ವರ್ಷದಷ್ಟು ಹಿಂದೆ ಶ್ರೀಪತಿ ಈ ತಿದ್ದುಪಡಿಯನ್ನು ಹೇಳಿದ್ದ. ಭಾಸ್ಕರಾಚಾರ್ಯರು ಅದನ್ನು ಎತ್ತಿಕೊಂಡು, ಅದು ಏಕೆ ಬರುತ್ತದೆ ಎಂದು ಕಾರಣ ಸಹಿತ ಬಿಡಿಸಿದರು.

ನನ್ನ ಲೆಕ್ಕ ಈಗ ಕೂಡಿಬಂತು. ನವೆಂಬರ್ 3ರ ಸುಮಾರಿಗೆ ಎರಡೂ ವ್ಯತ್ಯಾಸ ಒಂದೇ ಕಡೆ ಸೇರಿ ಸೂರ್ಯ 16 ನಿಮಿಷ ಮುಂದಿರುತ್ತಾನೆ. 30ರಲ್ಲಿ 16 ಕಳೆದರೆ 14. ಫೆಬ್ರವರಿ 11ರ ಸುಮಾರಿಗೆ ಎರಡೂ ಇನ್ನೊಂದು ಕಡೆ ಸೇರಿ 14 ನಿಮಿಷ ಹಿಂದಿರುತ್ತಾನೆ. 30ಕ್ಕೆ 14 ಕೂಡಿದರೆ 44. ನವೆಂಬರಿನ 14 ಬೇರೆ, ಫೆಬ್ರವರಿಯ 14 ಬೇರೆ. ಕೊಡೆ ಕಡ್ಡಿಯ ನೆರಳು ಎರಡು ಸಲವೂ ಸರಿಯಾಗಿಯೇ ಇತ್ತು. ತಪ್ಪಿದ್ದು ನಾನು.

ಕೊನೆಯ ವರ್ಷಗಳು

1183ರಲ್ಲಿ, 69ನೆಯ ವಯಸ್ಸಿನಲ್ಲಿ ಭಾಸ್ಕರಾಚಾರ್ಯರು ಕರಣಕುತೂಹಲ ಬರೆದರು. ದೊಡ್ಡ ಸಿದ್ಧಾಂತದ ಉದ್ದ ಲೆಕ್ಕಗಳನ್ನು ಪಂಚಾಂಗ ಮಾಡುವವರಿಗೆ ಸುಲಭವಾಗುವಂತೆ ಇಳಿಸಿದ ಕೈಪಿಡಿ ಅದು. ಮೂವತ್ತಾರರಲ್ಲಿ ಕಾರಣಗಳನ್ನು ಬಿಡಿಸಿ ಬರೆದವರು ಅರವತ್ತೊಂಬತ್ತರಲ್ಲಿ ಕೆಲಸ ಮಾಡುವವರ ಅನುಕೂಲಕ್ಕೆ ಬರೆದರು.

ವಿದ್ಯೆ ಮನೆಯಲ್ಲೇ ಮುಂದುವರಿಯಿತು. ಮಗ ಲಕ್ಷ್ಮೀಧರನನ್ನು ಯಾದವ ದೊರೆ ಜೈತ್ರಪಾಲ ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಮೊಮ್ಮಗ ಚಾಂಗದೇವ ಸಿಂಘಣನ ಆಸ್ಥಾನದ ಮುಖ್ಯ ಜ್ಯೋತಿಷಿಯಾದ. ಅವನು 1207ರಲ್ಲಿ ತಾತನ ಗ್ರಂಥಗಳ ಅಧ್ಯಯನಕ್ಕೆಂದೇ ಒಂದು ಮಠ ಸ್ಥಾಪಿಸಿದ. ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ಸಿಕ್ಕಿದ ಶಾಸನದಿಂದ ಇದೆಲ್ಲ ತಿಳಿಯುತ್ತದೆ. 1979 ಮತ್ತು 1981ರಲ್ಲಿ ಹಾರಿಸಿದ ನಮ್ಮ ದೇಶದ ಎರಡು ಉಪಗ್ರಹಗಳಿಗೆ ಭಾಸ್ಕರ ಎಂಬ ಹೆಸರಿಟ್ಟದ್ದು ಇವರ ಮತ್ತು ಏಳನೆಯ ಶತಮಾನದ ಭಾಸ್ಕರರ ನೆನಪಿಗೆ.

ಮತ್ತೆ ತರಗತಿಗೆ

ಮರುದಿನ ತರಗತಿಯಲ್ಲಿ ನಾನು ಹಲಗೆ ತಿರುಗಿಸಿದ್ದನ್ನು ಹೇಳಿಬಿಟ್ಟೆ. ಉಪನ್ಯಾಸಕರಿಗೂ ತಿಳಿಸಿದೆ. ಅವರು ಬೈಯಲಿಲ್ಲ, ಅದೇ ಪಾಠವನ್ನು ಇನ್ನೊಮ್ಮೆ ಮಾಡಲು ಹೇಳಿದರು. ಮಕ್ಕಳೇ ಹಲಗೆಯನ್ನು ಮೊಳೆಗಳಿಗೆ ಸೇರಿಸಿ ಕೂರಿಸಿದರು. ದಿಕ್ಕು ಸರಿಯಿದೆಯೇ ಎಂದು ಹಳೆಯ ವಿಧಾನದಿಂದಲೂ ನೋಡಿದೆವು: ನೆಲದ ಮೇಲೆ ವೃತ್ತ ಬರೆದು, ನಡುವೆ ಕೋಲು ನೆಟ್ಟು, ನೆರಳಿನ ತುದಿ ಬೆಳಿಗ್ಗೆ ಮತ್ತು ಮಧ್ಯಾಹ್ನದ ನಂತರ ವೃತ್ತವನ್ನು ಮುಟ್ಟುವ ಎರಡು ಬಿಂದು ಸೇರಿಸಿದರೆ ಪೂರ್ವ ಪಶ್ಚಿಮ ಸಿಗುತ್ತದೆ. ಮೊಳೆಗಳು ಸರಿಯಾಗಿದ್ದವು.

ಆಮೇಲೆ ಬಿಲ್ಲೆಯ ಮೇಲೆ ತಿರುಗುವ ರಟ್ಟಿನ ಬಳೆಯೊಂದನ್ನು ಕೂರಿಸಿದೆವು. ನಾಡೀವಲಯದ ಒಳ್ಳೆಯ ಗುಣವೆಂದರೆ ಗಂಟೆಯ ಗೆರೆಗಳೆಲ್ಲ ಸಮ ಅಂತರದಲ್ಲಿರುವುದು. ಆದ್ದರಿಂದ ಬಳೆಯನ್ನು ತಿರುಗಿಸಿದರೂ ಲೆಕ್ಕ ಕೆಡುವುದಿಲ್ಲ. ಒಂದು ನಿಮಿಷಕ್ಕೆ ಕಾಲು ಡಿಗ್ರಿ, ನಮ್ಮ ಬಿಲ್ಲೆಯ ಅಂಚಿನಲ್ಲಿ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಗಂಟೆಗಳನ್ನು ಬಳೆಯ ಮೇಲೆ, ತಿಂಗಳುಗಳ ಗುರುತನ್ನು ಬಿಲ್ಲೆಯ ಮೇಲೆ ಬರೆದೆವು. ಆ ದಿನದ ಗುರುತಿಗೆ ಬಳೆಯನ್ನು ತಿರುಗಿಸಿ ಇಟ್ಟರೆ ನೆರಳು ನೇರವಾಗಿ ಕೈಗಡಿಯಾರದ ಸಮಯ ತೋರಿಸುತ್ತದೆ. ನವೆಂಬರಿನ ಗುರುತಿಗೂ ಫೆಬ್ರವರಿಯ ಗುರುತಿಗೂ 27 ಮಿಲಿಮೀಟರ್ ಅಂತರ ಬಂತು. ಸೂರ್ಯನ ಬಿಂಬ ಅರ್ಧ ಡಿಗ್ರಿ ಅಗಲ, ಅಷ್ಟು ದೂರ ಸರಿಯಲು ಎರಡು ನಿಮಿಷ ಬೇಕು. ಹಾಗಾಗಿ ನೆರಳಿನ ಅಂಚು ಮಸುಕು. ಮಸುಕಿನ ನಡುವನ್ನು ಹಿಡಿದು ಓದಿದರೆ ಒಂದೆರಡು ನಿಮಿಷದೊಳಗೆ ಸಮಯ ಸಿಗುತ್ತದೆ.

ಹಲಗೆ ತಿರುಗಿಸುವುದಕ್ಕೂ ಬಳೆ ತಿರುಗಿಸುವುದಕ್ಕೂ ಏನು ವ್ಯತ್ಯಾಸ ಎಂದು ಒಬ್ಬ ಹುಡುಗ ಕೇಳಿದ. ಎಷ್ಟು, ಏಕೆ ಎಂದು ಗೊತ್ತಿದ್ದು ಎಲ್ಲರ ಎದುರಿಗೆ ತಿರುಗಿಸಿದರೆ ತಿದ್ದುಪಡಿ, ಗೊತ್ತಿಲ್ಲದೆ ಯಾರೂ ಕಾಣದಂತೆ ತಿರುಗಿಸಿದರೆ ಮೋಸ ಎಂದೆ. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು.

ಇದನ್ನು ಮಾಡಿಸಲು ಇಚ್ಛಿಸುವ ಪ್ರಶಿಕ್ಷಣಾರ್ಥಿಗಳಿಗೆ ಉಳವಿ ರೇಖಾಂಶದ ಅಂಕಿ ಕೊಡುತ್ತೇನೆ. ನೆರಳು 12 ತೋರಿಸುವಾಗ ಗಡಿಯಾರದಲ್ಲಿ ಫೆಬ್ರವರಿ 11ಕ್ಕೆ 12 ಗಂಟೆ 44 ನಿಮಿಷ, ಏಪ್ರಿಲ್ 15ಕ್ಕೆ 12.30, ಮೇ 14ಕ್ಕೆ 12.26, ಜೂನ್ 13ಕ್ಕೆ 12.30, ಜುಲೈ 26ಕ್ಕೆ 12.36 ದಾಟಿ ಅರ್ಧ ನಿಮಿಷ, ಸೆಪ್ಟೆಂಬರ್ 1ಕ್ಕೆ 12.30, ನವೆಂಬರ್ 3ಕ್ಕೆ 12.14, ಡಿಸೆಂಬರ್ 25ಕ್ಕೆ 12.30. ನಿಮ್ಮ ಊರು ಉಳವಿಗಿಂತ ಪೂರ್ವಕ್ಕಿದ್ದರೆ ಡಿಗ್ರಿಗೆ ನಾಲ್ಕು ನಿಮಿಷ ಕಳೆಯಿರಿ, ಪಶ್ಚಿಮಕ್ಕಿದ್ದರೆ ಕೂಡಿಸಿ. ಮಾರ್ಚ್ 21ರಿಂದ ಸೆಪ್ಟೆಂಬರ್ 23ರವರೆಗೆ ನೆರಳು ಬಿಲ್ಲೆಯ ಉತ್ತರ ಮುಖದ ಮೇಲೆ, ಉಳಿದ ಕಾಲ ದಕ್ಷಿಣ ಮುಖದ ಮೇಲೆ ಬೀಳುತ್ತದೆ. ಎರಡೂ ಕಡೆ ಬಳೆ ಬೇಕು.

ವಿಷುವದ ದಿನ ಬಿಲ್ಲೆಯ ಎರಡು ಮುಖದ ಮೇಲೂ ನೆರಳು ಸರಿಯಾಗಿ ಬೀಳುವುದಿಲ್ಲ. ಆ ದಿನ ಹಳೆಯವರ ಇನ್ನೊಂದು ಅಳತೆ ಮಾಡಿಸಬಹುದು. ಹನ್ನೆರಡು ಅಂಗುಲದ ಶಂಕುವಿಗೆ ಅಂದು ಮಧ್ಯಾಹ್ನ ಬೀಳುವ ನೆರಳನ್ನು ಪಲಭಾ ಎಂದು ಕರೆದು, ಅದರಿಂದಲೇ ಊರಿನ ಅಕ್ಷಾಂಶ ತಿಳಿಯುತ್ತಿದ್ದರು. ಉಳವಿಗೆ ಅದು ಮೂರು ಅಂಗುಲಕ್ಕೆ ಕೂದಲೆಳೆಯಷ್ಟು ಹೆಚ್ಚು. ಮಾರ್ಚ್ 21ರಂದು ಗಡಿಯಾರದ 12 ಗಂಟೆ 37 ನಿಮಿಷಕ್ಕೆ ಮಕ್ಕಳು ಹನ್ನೆರಡು ಸೆಂಟಿಮೀಟರ್ ಕಡ್ಡಿ ನಿಲ್ಲಿಸಿ ಅಳೆದರು. ಅಳತೆಪಟ್ಟಿ ಹಿಡಿದಿದ್ದವಳು ಮೊಳೆ ಹೊಡೆದ ಹುಡುಗಿಯೇ. ಮೂರು ಸೆಂಟಿಮೀಟರ್ ಎಂದಳು. ಒಮ್ಮೆ ನನ್ನ ಮುಖ ನೋಡಿ, ಬಗ್ಗಿ ಮತ್ತೊಮ್ಮೆ ಅಳೆದಳು. ಹಾಗೆ ಮತ್ತೊಮ್ಮೆ ಅಳೆಯುವುದು ಆ ತರಗತಿಯಲ್ಲಿ ಉಳಿದರೆ ನನ್ನ ಅಭ್ಯಾಸ ಬೋಧನೆ ವ್ಯರ್ಥವಾಗಲಿಲ್ಲ ಎಂದುಕೊಳ್ಳುತ್ತೇನೆ.